ಎಲಿ ಕೊಟ್ಟ ಬಾಗಲ

ನಮ್ಮ ಓಣಿ ಛಂದ ಆಗೇತಿ. ಇದು ನನ್ನ ಮಾತಲ್ಲ, ನೋಡಿದವರೆಲ್ಲಾ ಅನ್ನೂ ಮಾತು. ಸವಣೂರಿಗೆ ಬಂದು ಕಮಾನ ಓಣಿ ಎಲ್ಲೈತಿ ಅಂತ ಯಾರನ್ನರ ಕೇಳ್ರಿ, ಕೈ ಮಾಡಿ ತೋರಸತಾರ. ಬಾಯಿಗೆ ನವಾಬರ ಕಾಲದ ಕಲ್ಲಿನ ಕಮಾನು, ಒಳಗ ಎರಡೂ ಕಡೆ ಸೇರಿ ಇಪ್ಪತ್ತೆರಡು ಮನಿ, ಕಡೀಕ ಸಣ್ಣ ಮಸೂತಿ. ಮೊದಲ ಗಟಾರ ಬಾಯಿ ತಕ್ಕೊಂಡು ಮನಿ ಮುಂದ ಹರೀತಿತ್ತು, ಈಗ ಮುಚ್ಚೇತಿ. ಮೊದಲ ನೆಲಕ್ಕ ಹಳೇ ಫರಸಿಕಲ್ಲು ಇದ್ವು, ಒಂದು ಎದ್ದಿತ್ತು ಅಂದ್ರ ಒಂದು ಕುಂತಿತ್ತು. ಈಗ ಕಮಾನಿಂದ ಮಸೂತಿ ತನಕ ಪೇವರ್ ಹಾಕೇತಿ, ಗೋಲಿ ಬಿಟ್ರ ಸೀದಾ ಹೋಗತೈತಿ. ಎಲ್ಲಾ ಮನಿಗೂ ಒಂದ ಬಣ್ಣ, ಎಲ್ಲಾ ಬಾಗಲಕ್ಕೂ ಒಂದ ಅಳತಿ ಸಿಮೆಂಟಿನ ಪಾವಟಿಗಿ.

ಇದನ್ನೆಲ್ಲಾ ಮಾಡಿಸಿದಾಂವ ನಾನ. ಹೆಸರು ಸಿರಾಜುದ್ದೀನ, ರಿಟೈರ್ಡ್ ಬಸ್ ಕಂಡಕ್ಟರ್, ಓಣಿ ಸುಧಾರಣಾ ಸಮಿತಿ ಸೆಕ್ರೆಟರಿ. ಅಧ್ಯಕ್ಷ ಬ್ಯಾರೆ ಒಬ್ಬಾಂವ ಇದ್ದಾನ. ಆದ್ರ ಆಂವ ಫೋಟೋಕ್ಕ ನಿಲ್ಲಾಕ ಅಧ್ಯಕ್ಷ, ಓಡ್ಯಾಡಾಕ ನಾ ಸೆಕ್ರೆಟರಿ.

ಉದ್ಘಾಟನೆ ದಿನ ನನಗ ಶಾಲು ಹೊದಿಸಿದ್ರು, ತಲಿ ಮ್ಯಾಲೆ ಪೇಟಾ ಇಟ್ರು. ಪೇಟಾ ಸಣ್ಣದಾಗಿ ಕಿವಿ ಮ್ಯಾಲೆ ಕುಂತಿತ್ತು. ಮಂದಿ ಚಪ್ಪಾಳಿ ಹೊಡದ್ರು. ನನಗೇನೂ ಅನಸಲಿಲ್ಲ. ಖುಷಿ ಆಗಬೇಕಾಗಿತ್ತು, ಮೂರು ವರ್ಷ ಹಾವೇರಿಗೆ ಎಡತಾಕಿ ಮಂಜೂರು ಮಾಡಿಸಿದ ಕೆಲಸ ಅದು. ಆಗಲಿಲ್ಲ. ಮೂವತ್ತೆರಡು ವರ್ಷ ಬಸ್ಸಿನಾಗ ನಿಂತು ನಿಂತು ನನ್ನ ಕಾಲು ಜೋಮು ಹಿಡೀತಿದ್ವು. ರಿಟೈರ್ ಆದ ಮ್ಯಾಲೆ ಆ ಜೋಮು ಮ್ಯಾಲೇರಿ ಎದಿತನಕ ಬಂತು ಅಂತ ಕಾಣತೈತಿ.

ಬ್ಯಾಡ, ರಿಟೈರ್‍ಮೆಂಟ್ ಮ್ಯಾಲೆ ಯಾಕ ಹಾಕಲಿ. ನಾ ಮೊದಲಿಂದನೂ ಹಂಗ ಇದ್ನಿ. ನಮ್ಮ ಅವ್ವ ತೀರಿದ ಸುದ್ದಿ ನನಗ ಹಿರೇಕೆರೂರ ಬಸ್‍ಸ್ಟ್ಯಾಂಡಿನಾಗ ಬಂತು. ಅವತ್ತ ಅಲ್ಲಿ ಸಂತಿ, ಬಸ್ಸು ಗಚ್ಚ ತುಂಬಿತ್ತು. ಹಾನಗಲ್ಲ ಮ್ಯಾಲೆ ಸವಣೂರಿಗೆ ಬರೂತನಕ ಎಲ್ಲಾರಿಗೂ ಟಿಕೇಟ ಕೊಟ್ನಿ, ಎಲ್ಲಾ ಸ್ಟಾಪೂ ಒದರಿದ್ನಿ. ಮನಿಗೆ ಬಂದು ಮಣ್ಣು ಕೊಟ್ನಿ. ಅಳು ಆಮ್ಯಾಲೆ ಬರತೈತಿ ಅಂತ ಕಾಯ್ದ್ನಿ, ಬರಲಿಲ್ಲ. ಮರುದಿನ ಡ್ಯೂಟಿಗೆ ಹೋದ್ನಿ.

ಮನ್ಯಾಗ ನಾವು ಉರ್ದು ಮಾತಾಡೋರು. ಆದ್ರ ನನಗ ಸಿಟ್ಟು ಬಂದ್ರ, ಇಲ್ಲಾ ಉದ್ದಕ ಏನರ ಹೇಳಬೇಕಾದ್ರ, ಕನ್ನಡನ ಬಾಯಿಗೆ ಬರತೈತಿ. ಬಸ್ಸು ಕಲಿಸಿದ್ದು ಅದು. ಅದಕ್ಕ ಕನ್ನಡದಾಗ ಹೇಳಾಕತ್ತೇನಿ, ನಡುವ ಬಾಯಿ ಹಾಕಬ್ಯಾಡ್ರಿ.

ನನ್ನ ಹೆಂಡತಿ ರಹಿಮಾಬಿ. ಆಕಿಗೆ ಕಣ್ಣು ಕಾಣಸಂಗಿಲ್ಲ. ಒಂದ ದಿನಕ್ಕ ಹೋದ ಕಣ್ಣಲ್ಲ ಅವು. ಕಣ್ಣಿನ ನರ ಒಣಗಾಕತ್ತೇತಿ, ಹೋದದ್ದು ತಿರಗಿ ಬರಂಗಿಲ್ಲ, ಇದ್ದದ್ದನ್ನ ಹನಿ ಹಾಕಿ ಉಳಿಸಿಕೋರಿ ಅಂತ ಡಾಕ್ಟರು ಹೇಳಿದ್ರು. ಹನಿ ಹಾಕಿದ್ಲು, ಉಳೀಲಿಲ್ಲ. ನಾ ರಿಟೈರ್ ಆಗಿ ಮನ್ಯಾಗ ಕುಂಡರೂ ಹೊತ್ತಿಗೆ ಆಕಿಗೆ ಬೆಳಕು ಐತೋ ಕತ್ತಲಿ ಐತೋ ಅಷ್ಟ ಗೊತ್ತಾಗತಿತ್ತು. ಆದ್ರ ಸುಳ್ಳು ಯಾಕ ಹೇಳಲಿ, ಮನ್ಯಾಗ ಒಂದ ವಾರ ಇದ್ದಮ್ಯಾಲೆನ ನನಗ ಆಕಿ ಕಣ್ಣು ಪೂರಾ ಹೋಗ್ಯಾವು ಅಂತ ತಿಳದದ್ದು. ರೊಟ್ಟಿ ಬಡೀತಿದ್ಲು, ಅಕ್ಕಿ ಆರಸತಿದ್ಲು, ಸೂಜ್ಯಾಗ ದಾರ ಪೋಣಸೂದೊಂದು ಬಿಟ್ರ ಎಲ್ಲಾ ಮಾಡತಿದ್ಲು. ನಮ್ಮ ಮಗ ಅಕೀಬ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ. ಆಂವ ಒಮ್ಮೆ ಬಿಳೇ ಕೋಲು ತಂದುಕೊಟ್ಟ. ಆಕಿ ಅದನ್ನ ಬಾಗಲ ಹಿಂದ ನಿಲ್ಲಿಸಿ, "ಇರಲಿ, ಬೆಕ್ಕು ಹೊಡ್ಯಾಕ ಆಗತೈತಿ" ಅಂದ್ಲು.

ಓಣ್ಯಾಗ ಆಕಿ ಒಬ್ಬಾಕಿನ ತಿರಗತಿದ್ಲು. ಕೈ ಹಿಡಿಯಾಕ ಹೋದ್ರ ಕೊಸರತಿದ್ಲು. ಮತ್ತ ಸುಮ್ಮನ ತಿರಗೂದಲ್ಲ, ಆಕಿಗೊಂದು ಕೆಲಸ ಇತ್ತು. ಅದನ್ನ ನಿಮಗ ಬಿಡಿಸಿ ಹೇಳಬೇಕು.

ನಮ್ಮ ಓಣ್ಯಾಗ ಮದಿವಿಗೆ ಕಾರ್ಡು ನಡ್ಯಂಗಿಲ್ಲ. ಕಾರ್ಡು ಪರಊರ ಮಂದಿಗೆ. ಓಣಿ ಒಳಗ ವೀಳ್ಯದೆಲಿ ಕೊಟ್ಟು ಕರೀಬೇಕು. ಸವಣೂರ ಎಲಿ ಅಂದ್ರ ಗೊತ್ತಲ್ಲ ನಿಮಗ, ನಮ್ಮ ಹಿರೇರು ಅರ್ಧಕ್ಕರ್ಧ ಮಂದಿ ಎಲಿ ಬಳ್ಳಿ ತ್ವಾಟದಾಗ ದುಡದವರು, ಎಲಿ ಪೆಂಡಿ ಹೊತ್ತು ಮಾರಿದವರು. ಐದು ಎಲಿ, ನಡುವ ಒಂದು ಯಾಲಕ್ಕಿ. ಓಣಿಯ ಒಬ್ಬ ಹಿರೇ ಹೆಣ್ಣಮಗಳು ತಾಟಿನಾಗ ಇಟಗೊಂಡು ಮನಿ ಮನಿ ಹೊಸ್ತಲಕ್ಕ ಹೋಗಿ, "ಇಂಥವರ ಮನ್ಯಾಗ ಖುಷಿ ಐತಿ, ಬರ್ರಿ" ಅಂತ ಮನಿ ಹೆಣ್ಣಮಕ್ಕಳ ಕೈಯಾಗ ಕೊಡಬೇಕು. ಒಮ್ಮೆ ಎಲಿ ಕೈಯಾಗ ಹಿಡದ್ರ ಮುಗೀತು, ಅವರು ಬರಾಕಬೇಕು, ಇವರು ಉಣಸಾಕಬೇಕು. ಕೊಟ್ಟ ಎಲಿ ತಿರಗಿ ಕೇಳಂಗಿಲ್ಲ. ಒಂದ ಮನಿ ತಪ್ಪಿತು ಅಂದ್ರ ಆ ಮನಿಯವರು ಮೂರ ವರ್ಷ ಮಾರಿ ತಿರವತಾರ.

ಇಪ್ಪತ್ತು ವರ್ಷದಿಂದ ಆ ತಾಟು ರಹಿಮಾಬಿ ಕೈಯಾಗಿತ್ತು. ಕಣ್ಣಿದ್ದಾಗೂ ಆಕಿನ, ಕಣ್ಣು ಹೋದಮ್ಯಾಲೂ ಆಕಿನ. ಎಲಿ ಕೊಡೂ ದಿನ ಆಕಿ ಹಸರ ಸೀರಿ ಉಟ್ಟು, ಕಮಾನಿನ ಬಾಜೂಕ ಇರೂ ಮೊದಲನೇ ಮನಿಯಿಂದ ಸುರು ಮಾಡತಿದ್ಲು. ಒಂದೂ ಮನಿ ತಪ್ಪತಿರಲಿಲ್ಲ. ಆಕಿ ಹ್ಯಾಂಗ ಹೋಗತಾಳ ಅಂತ ನಾ ಎಂದೂ ಕೇಳಲಿಲ್ಲ. ರೂಢಿ ಅಂತ ತಿಳಕೊಂಡಿದ್ನಿ.

ನಾಲ್ಕು ವರ್ಷದ ಹಿಂದ ಒಂದ ಮಳಿಗಾಲದಾಗ ಆಕಿ ಓಣ್ಯಾಗ ಹಸನಸಾಬನ ಮನಿ ಮುಂದ ಬಿದ್ಲು. ಮಣಕಾಲು ಒಡದು ರಕ್ತ ಬಂತು. ನಾ ಓಣಿ ಕೇಳೂಹಂಗ ಒದರ್‍ಯಾಡಿದ್ನಿ. "ಇದೇನು ಓಣಿನೋ ಕಲ್ಲಿನ ಖಣಿನೋ? ಮನಷ್ಯಾರು ನಡ್ಯೂ ಹಾದಿ ಏನಿದು?" ರಹಿಮಾಬಿ ಅರಿಷಿಣ ಹಚಗೋಂತ, "ಕಲ್ಲಿಗೆ ಎಡವಿಲ್ಲರಿ, ಯಾರೋ ಸೈಕಲ್ ಅಡ್ಡ ಕೆಡವಿದ್ರು" ಅಂದ್ಲು. ನಾ ಕೇಳಲಿಲ್ಲ. ಮರುದಿನಾನ ಅರ್ಜಿ ಬರದ್ನಿ. ಗಟಾರ ಮುಚ್ಚಬೇಕು, ಫರಸಿ ಕಿತ್ತು ಪೇವರ್ ಹಾಕಬೇಕು, ರಸ್ತೆದಾಗ ಚಾಚಿಕೊಂಡಿರೂ ಕಟ್ಟಿ, ಪಾವಟಿಗಿ ಎಲ್ಲಾ ಒಡದು ಒಂದ ಸಮ ಮಾಡಬೇಕು. ಮಂದಿ ಮುಂದ ಓಣಿ ಸುಧಾರಣೆ ಅಂದ್ನಿ. ಖರೇ ಅಂದ್ರ ಆಕಿ ಕಾಲಿಗೆ ಏನೂ ತಾಗಬಾರದು ಅಂತ ಮಾಡಿದ್ದು. ಅದನ್ನ ಆಕಿಗೂ ಹೇಳಲಿಲ್ಲ, ಅಂಥಾ ಮಾತು ನನ್ನ ಬಾಯಿಗೆ ಬರಂಗಿಲ್ಲ.

ಮಂಜೂರಾತಿ ಬಂದ ದಿನ ರಾತ್ರಿ ಊಟಕ್ಕ ಕುಂತಾಗ ಆಕಿ ಕೇಳಿದ್ಲು. "ಗಟಾರ ಮುಚ್ಚಲಿ. ಆದ್ರ ಬಾಗಲ ಮುಂದಿನ ಕಲ್ಲು ಇರಲಿ ಅನ್ನಾಕ ಬರಂಗಿಲ್ಲೇನ್ರಿ?"

"ಯಾಕ, ಅವಕ್ಕ ಪೂಜೆ ಮಾಡತೀಯೇನ?" ಅಂದ್ನಿ.

"ಹಂಗಲ್ಲರಿ. ಇರಲಿ ಅನಸ್ತು."

"ಒಂದ ಮನಿ ಮುಂದ ಬಿಟ್ರ ಇಪ್ಪತ್ತೆರಡು ಮನಿಯವರೂ ನನ್ನ ತಲಿ ತಿಂತಾರ. ಅರ್ಧ ಬೋಳಿಸಿದ ತಲಿಹಂಗ ಆಗತೈತಿ ಓಣಿ. ನಿನಗ ತಿಳ್ಯಂಗಿಲ್ಲ, ಸುಮ್ಮನಿರು."

ಆಕಿ ಎರಡನೇ ಸಲ ಕೇಳೂ ಹೆಣ್ಣಮಗಳಲ್ಲ. ನಾ ಎರಡನೇ ರೊಟ್ಟಿ ಹಾಕಿಸಿಕೊಂಡು ಉಂಡ್ನಿ.

ಕೆಲಸಕ್ಕ ಬಂದಾಂವ ಹೂವಪ್ಪ ಮೇಸ್ತ್ರಿ, ಹತ್ತಿಮತ್ತೂರಾಂವ. ಜೋಡಿಗೆ ಆಂವನ ಹೆಂಡತಿ ಗುತ್ತೆವ್ವ, ಮತ್ತ ಐದಾರು ಆಳು. ಹೂವಪ್ಪ ಒಳ್ಳೆ ಕೆಲಸಗಾರ, ಮಟ್ಟಗೋಲು ಇಡದ ಒಂದ ಇಟ್ಟಂಗಿ ಕುಂಡ್ರಸಾಂವ ಅಲ್ಲ. ಎರಡನೇ ದಿನ ಕಲ್ಲು ಎಬ್ಬಸಾಕತ್ತಾಗ ನನ್ನ ಕಡೆ ಬಂದು ತಲಿ ಕೆರಕೊಂಡ.

"ಸಾಹೇಬ್ರ, ಅಕ್ಕಾರು ನಡಿಯೂದು ನೋಡೀರೇನ್ರಿ?"

"ಮೂವತ್ತೆಂಟು ವರ್ಷದಿಂದ ನೋಡಾಕತ್ತೇನಿ. ಯಾಕ?"

"ನಿನ್ನೆ ಗುತ್ತಿ ತೋರಿಸಿದ್ಲರಿ. ಅಕ್ಕಾರು ಎಲ್ಲಾ ಮನಿ ಮುಂದ ಚಪ್ಪಲಿ ಬಿಟ್ಟು ಕಲ್ಲು ತುಳದು ನೋಡತಾರರಿ. ಕಾಲಿಲೆ ಓದಿದಂಗ. ಬಾಗಲಕ್ಕ ಒಂದೊಂದು ಕಲ್ಲು ಹಂಗ ಬಿಡೂಣೇನ್ರಿ?"

ನನಗ ಸಿಟ್ಟು ಬಂತು. ನನ್ನ ಹೆಂಡತಿ ನಡಿಗಿ ನೋಡಿ ನನಗ ಪಾಠ ಹೇಳಾಕ ಇವರ್‍ಯಾರು ಅನಸ್ತು. "ನೀ ಮಟ್ಟಗೋಲು ನೋಡು, ನನ್ನ ಮನಿ ಮಂದಿ ನೋಡಬ್ಯಾಡ" ಅಂದ್ನಿ. ಗುತ್ತೆವ್ವ ದೂರ ಕಲ್ಲಪುಡಿ ಹರವಾಕತ್ತಿದ್ಲು, ತಲಿ ಮ್ಯಾಲೆ ಎತ್ತಲಿಲ್ಲ. ಹೂವಪ್ಪ "ಆತರಿ" ಅಂದು ಹೋದ. ಸಂಜಿಗೆ ಹನ್ನೊಂದು ಮನಿ ಮುಂದಿನ ಕಲ್ಲು ಟ್ರ್ಯಾಕ್ಟರ್ ಹತ್ತಿದ್ವು.

ಕಲ್ಲು ಎಬ್ಬಿಸಿದ ಮ್ಯಾಲೆ ಕೆಲಸ ನಡದ ಒಂದೂವರೆ ತಿಂಗಳು ರಹಿಮಾಬಿ ಹೊರಗ ಹೋಗಲಿಲ್ಲ. ಎಲ್ಲಾ ಅಗದು ಬಿಟ್ಟಾರ, ಹ್ಯಾಂಗ ಹೋಗತಾಳ ಅಂತ ನಾ ಅಂದಕೊಂಡ್ನಿ. ಮುಗದಮ್ಯಾಲೂ ಹೋಗಲಿಲ್ಲ. ಅದನ್ನ ನಾ ಗಮನಕ್ಕ ತಗೊಳಲಿಲ್ಲ.

ಉದ್ಘಾಟನೆ ಆಗಿ ಹದಿನೈದು ದಿನಕ್ಕ ಫಾರೂಕನ ಮಗಳು ಫರ್ಹತಳ ಮದಿವಿ ಗೊತ್ತಾತು. ಫಾರೂಕ ನಮ್ಮ ಎದುರ ಮನಿಯಾಂವ, ನನಗ ಚಾಚಾ ಅಂತಾನ. ಹೊಸಾ ಓಣ್ಯಾಗ ಮೊದಲನೇ ಮದಿವಿ ಅಂತ ಎಲ್ಲಾರಿಗೂ ಹುರುಪು. ಎಲಿ ಪೆಂಡಿ ಬಂತು, ಯಾಲಕ್ಕಿ ಬಂತು. ರಹಿಮಾಬಿ ಹಿಂದಿನ ದಿನಾನ ಹಸರ ಸೀರಿ ಮಡಿ ಬಿಚ್ಚಿ ಹಾಸಗಿ ಕೆಳಗ ಇಟ್ಟಿದ್ಲು. ಇಸ್ತ್ರಿ ಆದಂಗ ಆಗತೈತಿ ಅಂತ.

ಈಗ ಕೇಳ್ರಿ, ಒಂದ ಮಾತು ಗೊತ್ತಿರಬೇಕು ನಿಮಗ. ಫಾರೂಕನ ಮನಿಗೂ ಕುತುಬುದ್ದೀನನ ಮನಿಗೂ ಹನ್ನೆರಡು ವರ್ಷದಿಂದ ಎಲಿ ಇಲ್ಲ. ಫಾರೂಕನ ತಂಗಿಗೂ ಕುತುಬುದ್ದೀನನ ಹಿರೇಮಗನಿಗೂ ನಿಕಾ ಗೊತ್ತಾಗಿತ್ತು, ಮೂರ ದಿನ ಇರೂವಾಗ ಗಂಡಿನವರು ಒಲ್ಲೆ ಅಂದ್ರು. ಆ ಹುಡುಗಿ ಬಂಕಾಪುರಕ್ಕ ಕೊಟ್ಟಮ್ಯಾಲೆ ಸುಖವಾಗೇನ ಇದ್ದಾಳ. ಆದ್ರ ಗಾಯ ಮಾಯಲಿಲ್ಲ. ಒಂದ ಓಣ್ಯಾಗ ಇದ್ದು ಎರಡೂ ಮನಿ ಒಂದರ ಮಾರಿ ಒಂದು ನೋಡಂಗಿಲ್ಲ. ಕುತುಬುದ್ದೀನನ ಮನಿ ಬಾಜೂಕ ಹಸನಸಾಬನ ಮನಿ. ರಹಿಮಾಬಿ ಫಾರೂಕನ ಕಡೆಯಿಂದ ಹೋದಾಗೆಲ್ಲಾ ಕುತುಬುದ್ದೀನನ ಬಾಗಲ ಬಿಟ್ಟು ಹಸನಸಾಬನ ಬಾಗಲಕ್ಕ ಹೋಗಬೇಕು. ಹೋಗತಿದ್ಲು.

ಅವತ್ತ ಶುಕ್ರವಾರ, ಮುಂಜಾನೆ ಹತ್ತರ ಸುಮಾರ. ನಾ ಬಾಗಲದಾಗ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕುಂತಿದ್ನಿ. ಮೊದಲ ಕಟ್ಟಿ ಇತ್ತು, ಅದನ್ನ ನಾನ ಒಡಸಿದ್ನಿ. ರಹಿಮಾಬಿ ತಾಟು ಹಿಡಕೊಂಡು ಕಮಾನಿನ ಕಡೆಯಿಂದ ಸುರು ಮಾಡಿದ್ಲು. ಅಲ್ಲಿತನಕ ಅಕೀಬ ಬಿಟ್ಟು ಬಂದಿದ್ದ. ಮೊದಲ ಮೂರ ಮನಿ ಸರಿ ಹೋದ್ಲು. ಹೆಜ್ಜಿ ಎಣಸಾಕತ್ತಾಳ ಅಂತ ತುಟಿ ನೋಡಿದ್ರ ಗೊತ್ತಾಗತಿತ್ತು.

ನಾಲ್ಕನೇ ಮನಿ ಮುಂದ ಯಾರೋ ಮಾತಾಡಿಸಿದ್ರು. "ಭಾಭಿ, ಓಣಿ ಛಂದ ಆತಲ್ರಿ?" ಆಕಿ ನಿಂತು, ನಕ್ಕು, ಹೂಂ ಅಂದ್ಲು. ಅಲ್ಲಿಂದ ಮುಂದ ತುಟಿ ಅಲುಗಲಿಲ್ಲ. ಎಣಿಕಿ ತಪ್ಪಿತ್ತು. ಚಪ್ಪಲಿ ಬಿಟ್ಟು ಪಾದದಿಂದ ನೆಲ ತಡವಿದ್ಲು. ಪೇವರು. ಇನ್ನೊಂದು ಹೆಜ್ಜಿ ಹಾಕಿದ್ಲು. ಪೇವರು. ಪಾವಟಿಗಿ ಹುಡಕಿ ಹತ್ತಿದ್ಲು. ಅದೂ ಎಲ್ಲಾ ಮನಿ ಪಾವಟಿಗಿನ. ಹಂಗೂ ಹಿಂಗೂ ಕದದ ಸಪ್ಪಳ, ಒಳಗಿನ ಮಾತು ಕೇಳಿ ಏಳೆಂಟು ಮನಿ ದಾಟಿದ್ಲು. ಆಮ್ಯಾಲೆ ನನ್ನ ಕಣ್ಣೆದುರಿಗೇ ಕುತುಬುದ್ದೀನನ ಬಾಗಲದಾಗ ಹೋಗಿ ನಿಂತ್ಲು.

ಅಲ್ಲಿ ನಿಂತ್ಲು ನೋಡ್ರಿ, ಬಹಳ ಹೊತ್ತು ನಿಂತ್ಲು. ಕದ ಬಡೀಲಿಲ್ಲ. ಮಾರಿ ಅರ್ಧ ನನ್ನ ಕಡೆ ತಿರಗಿಸಿ ನಿಂತ್ಲು.

ನನಗೂ ಆಕಿಗೂ ನಡುವ ಇಪ್ಪತ್ತು ಮಾರು ಇರಲಿಲ್ಲ. "ಏ, ಅದಲ್ಲ, ಮುಂದಿನ ಮನಿ" ಅಂದಿದ್ರ ಮುಗದಿತ್ತು. ಮೂವತ್ತೆರಡು ವರ್ಷ ಒದರೂದ ನನ್ನ ಉದ್ಯೋಗ. ತುಂಬಿದ ಬಸ್ಸಿನಾಗ, ಇಂಜಿನ್ ಸಪ್ಪಳದಾಗ, ಕಡೇ ಸೀಟಿಗೆ ಕೇಳೂಹಂಗ ಒದರಿದ ಬಾಯಿ ಇದು. ಬರಲಿಲ್ಲ. ಒದರಿದ್ರ ರಹಿಮಾಬಿಗೆ ಹಾದಿ ಗೊತ್ತಾಗವಲ್ದು ಅಂತ ಓಣಿಗೆಲ್ಲಾ ತಿಳೀತೈತಿ ಅನ್ನೂದು ಒಂದು. ಒದರಿದ್ರ ಹೂವಪ್ಪ ಹೇಳಿದ್ದು ಖರೇ ಆಗತೈತಿ ಅನ್ನೂದು ಇನ್ನೊಂದು. ಅವೆರಡೂ ಆಮ್ಯಾಲೆ ಕುಂತು ಹುಡಕಿದ ಕಾರಣ ಇರಬಹುದು. ಆ ಹೊತ್ತಿನ್ಯಾಗ ಏನೂ ಇರಲಿಲ್ಲ. ಪರದೆ ಮ್ಯಾಲೆ ಯಾರದೋ ಕತಿ ನೋಡಿದಂಗ ನೋಡಾಕತ್ತಿದ್ನಿ.

ರಹಿಮಾಬಿ ಕದ ಬಡದ್ಲು. ಬಾಗಲ ತಗದಾಕಿ ಕುತುಬುದ್ದೀನನ ಸಣ್ಣ ಸೊಸಿ ಸಾಯಿಮಾ. ಹಾನಗಲ್ಲಿನಿಂದ ಮದಿವ್ಯಾಗಿ ಬಂದು ಮೂರು ತಿಂಗಳಾಗಿತ್ತು, ಆಕಿಗೆ ಈ ಜಗಳ ಯಾರೂ ಹೇಳಿರಲಿಲ್ಲ. ತಲಿ ಮ್ಯಾಲೆ ಸೆರಗು ಹೊತ್ತು ಎರಡೂ ಕೈಯಾಗ ಎಲಿ ಹಿಡದ್ಲು. "ಫಾರೂಕನ ಮನ್ಯಾಗ ಖುಷಿ ಐತಿ, ಬರ್ರಿ" ಅಂದ್ಲು ರಹಿಮಾಬಿ. "ಬರತೇವರಿ" ಅಂದ್ಲು ಆ ಹುಡುಗಿ. ದನಿ ಕೇಳಿದ ಕೂಡ್ಲೆ ರಹಿಮಾಬಿ ಮಾರಿ ಬಿಳಚಿಕೊಂತು. ಹಸನಸಾಬನ ಮನ್ಯಾಗ ಅಂಥಾ ದನಿ ಇಲ್ಲ.

ಆಕಿ ಮುಂದಿನ ಮನಿಗೆ ಹೋಗಲಿಲ್ಲ. ತಾಟು ಎದಿಗೆ ಹಿಡಕೊಂಡು ಅಲ್ಲೇ ನಿಂತ್ಲು. ಆಗ ಎದ್ದು ಹೋದ್ನಿ, ಕೈ ಹಿಡದು ಮನಿಗೆ ಕರಕೊಂಡು ಬಂದ್ನಿ. ಅವತ್ತ ಕೈ ಕೊಸರಲಿಲ್ಲ. ಉಳದ ಮನಿಗೆ ಫಾರೂಕನ ಹೆಂಡತಿ ಹೋಗಿ ಎಲಿ ಕೊಟ್ಲು.

ಸಂಜಿ ಒಳಗ ಓಣಿ ತುಂಬ ಸುದ್ದಿ. ಅವರ ಎಲಿ ಬಾಜೂ ಬಾಗಲಕ್ಕ ಹೋಗಿದ್ದಕ್ಕ ನಾ ಹಸನಸಾಬನ ಮನಿಗೆ ಹೋಗಿ ತಪ್ಪಾತು ಅಂದ್ನಿ. ಆಂವ ಒಳ್ಳೆ ಮನಷ್ಯಾ, ಚಾ ಕುಡಿಸಿ ಕಳಿಸಿದ. ಕುತುಬುದ್ದೀನನ ಮನ್ಯಾಗ ಏನು ನಡೀತೋ ಗೊತ್ತಿಲ್ಲ. ಆದ್ರ ಎಲಿ ಹಿಡದಾಗಿತ್ತು. ಮದಿವಿ ದಿನ ಕುತುಬುದ್ದೀನ ಹೊಸಾ ಟೋಪಿ ಹಾಕ್ಕೊಂಡು, ಮಗ ಸೊಸಿ ಕರಕೊಂಡು ಬಂದ. ಫಾರೂಕ ಎದ್ದು ನಿಂತ. ಆಂವ ಉಂಡ, ಇಂವ ಬಡಿಸಿದ. ಕೈ ತೊಳಕೊಂಡು ಹೋಗೂವಾಗ ಕುತುಬುದ್ದೀನ ಫರ್ಹತಳ ತಲಿ ಮ್ಯಾಲೆ ಕೈ ಇಟ್ಟ. ನೋಡಿದ ಮಂದಿ ಕಣ್ಣಾಗ ನೀರು ತಂದ್ರು. "ಮುದಕಿ ತಪ್ಪಿದ್ದು ಛಲೋನ ಆತು ಬಿಡ್ರಿ" ಅಂದ್ರು. ನನ್ನ ಹೆಂಡತಿ ಅವತ್ತಿನತನಕ ಓಣ್ಯಾಗ ಭಾಭಿ ಆಗಿದ್ಲು, ಚಾಚಿ ಆಗಿದ್ಲು. ಮುದಕಿ ಅಂದದ್ದು ನಾ ಕೇಳಿದ್ದು ಅದ ಮೊದಲ.

ಯಾರೂ ಆಕಿ ಮ್ಯಾಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ನಾ ಜಗಳಾ ಆಡತಿದ್ನಿ, ಜಗಳಕ್ಕ ನಾ ಹಿಂದ ಸರ್‍ಯಾಂವ ಅಲ್ಲ. ಮದಿವಿ ಆಗಿ ನಾಲ್ಕ ದಿನಕ್ಕ ಫಾರೂಕ ಮಿಠಾಯಿ ಡಬ್ಬಿ ತಗೊಂಡು ಬಂದ. ಆಕಡೆ ಈಕಡೆ ಮಾತಾಡಿ, "ಚಾಚಿಗೆ ಇನ್ನ ಮ್ಯಾಲೆ ಯಾಕ ತ್ರಾಸ ಚಾಚಾ? ಹಸನಸಾಬರ ಸೊಸಿ ಎಲಿ ಕೊಡತೇನಿ ಅಂತಾಳ. ಚಾಚಿ ಆರಾಮ ಮನ್ಯಾಗ ಕುಂಡರಲಿ" ಅಂದ. ಒಳಗಿದ್ದ ರಹಿಮಾಬಿಗೆ ಕೇಳಿಸ್ತು. ಆಕಿ ಹೊರಗ ಬಂದು ತಾಟು ತಂದು ಫಾರೂಕನ ಕೈಯಾಗ ಕೊಟ್ಲು. "ತಿಕ್ಕಿ ಇಟ್ಟೇನಪಾ" ಅಂದ್ಲು. ಅಷ್ಟ. ಅವತ್ತಿನಿಂದ ಆಕಿ ಹೊರಬಾಗಲ ದಾಟಲಿಲ್ಲ.

ನಾ ಕೆಟ್ಟಮ್ಯಾಲೆ ಬುದ್ಧಿ ಬಂದಾಂವ. ಹತ್ತಿಮತ್ತೂರ ಬಸ್ಸು ಹತ್ತಿ ಹೂವಪ್ಪನ್ನ ಹುಡಕೊಂಡು ಹೋದ್ನಿ. ಆಂವ ಕಟ್ಟಿ ಮ್ಯಾಲೆ ಕುಂತು ಕರಣಿ ತೊಳ್ಯಾಕತ್ತಿದ್ದ. ನನ್ನ ನೋಡಿ ಎದ್ದು, "ಬರ್ರಿ ಸಾಹೇಬ್ರ, ಕುಂಡ್ರಿ" ಅಂದ. ಹೆಂಗ ಬಂದ್ರಿ, ಯಾಕ ಬಂದ್ರಿ ಕೇಳಲಿಲ್ಲ. ಆಂವಗ ಗೊತ್ತಾಗಿತ್ತು.

"ಆ ಕಲ್ಲು ಎಲ್ಲದಾವಪಾ?" ಅಂದ್ನಿ.

"ಶಿಗ್ಗಾವಿ ಕಡೆ ಯಾರದೋ ತ್ವಾಟದ ಮನಿಗೆ ಹೋದ್ವರಿ. ಹಳೇ ಕಲ್ಲಿಗೆ ಈಗ ಭಾಳ ಬೇಡಿಕಿ."

"ಬ್ಯಾರೆ ಕಲ್ಲು ಆದ್ರೂ ನಡೀತೈತಿ. ಬಾಗಲಕ್ಕ ಒಂದೊಂದು ಹಾಕಿಬಿಡು. ಆಫೀಸಿನವರನ್ನ ನಾ ನೋಡಿಕೋತೇನಿ."

"ಹಾಕತೇನರಿ. ಯಾರ ಬಾಗಲಕ್ಕ ಯಾವ ನಮೂನಿ ಇತ್ತು, ಅದನ್ನ ಹೇಳ್ರಿ."

ನಾ ಬಾಯಿ ತಗದ್ನಿ. ಹುಟ್ಟಿ ಬೆಳದ ಓಣಿ ಅದು. ನಮ್ಮ ಮನಿ ಮುಂದ ಯಾವ ಕಲ್ಲಿತ್ತು ಅನ್ನೂದು ಸುದ್ದಾ ನೆನಪಾಗಲಿಲ್ಲ. ಒಳಗಿಂದ ಗುತ್ತೆವ್ವ ಚಾ ತಂದಿಟ್ಟು ಮೆಲ್ಲಕ ಹೇಳಿದ್ಲು. "ಹಸನಸಾಬರ ಬಾಗಲಿಗೆ ನಡುವ ತಗ್ಗಿದ್ದ ಕಲ್ಲು ಇತ್ತರಿ, ಮಳಿ ನೀರು ನಿಲ್ಲತಿತ್ತು. ಅದರ ಬಾಜೂಕಿಂದು ನುಣ್ಣಗ ಇತ್ತು. ಉಳದದ್ದು ನನಗೂ ನೆನಪಿಲ್ಲರಿ." ಒಂದೂವರೆ ತಿಂಗಳು ಕೂಲಿಗೆ ಬಂದಾಕಿಗೆ ಎರಡು ನೆನಪಿದ್ವು. ಚಾ ಕುಡದು ತಿರಗಿ ಬಂದ್ನಿ.

ಮನಿಗೆ ಬಂದು ಹಾಳಿ, ಪೆನ್ನು ತಗೊಂಡು ರಹಿಮಾಬಿ ಮುಂದ ಕುಂತ್ನಿ. "ಯಾರ ಬಾಗಲಕ್ಕ ಯಾವ ಕಲ್ಲಿತ್ತು, ಒಂದೊಂದ ಹೇಳು" ಅಂದ್ನಿ. ಸೀರಿ ಅಂಚಿನ್ಯಾಗ ಆಕಿ ಕಾಲ ಬೆರಳು ಅಲಗಾಡಾಕತ್ತಿದ್ವು.

"ಬರವಲ್ದರಿ" ಅಂದ್ಲು. "ಕಾಲಿಗೆ ಗೊತ್ತಿತ್ತು. ಬಾಯಿಗೆ ಗೊತ್ತಿಲ್ಲ."

"ಹಂಗಾರ ದಿನಾ ಸಂಜಿಕ ನಾ ಕೈ ಹಿಡದು ಓಣಿ ತಿರಗಸತೇನಿ. ನಡಿ."

"ಬ್ಯಾಡರಿ. ಕೈ ಹಿಡಕೊಂಡು ಹೋದ್ರ ಹೋದಾಕಿ ನಾ ಅಲ್ಲ. ನೀವು ಹೋಗಿರತೀರಿ, ನಾ ಜೋಡಿಗೆ ಬಂದಿರತೇನಿ."

ಹಾಳಿ ಮಡಚಿ ಕಿಸೇದಾಗ ಇಟ್ಟುಕೊಂಡ್ನಿ. ಆಕಿ ಬ್ಯಾಳಿ ಆರಸಾಕ ಹೋದ್ಲು.

ಹೋದ ವಾರ ಓಣ್ಯಾಗ ಇನ್ನೊಂದು ಮದಿವಿ ಎಲಿ ಬಂತು. ಹಸನಸಾಬನ ಸೊಸಿ ಮೊಟ್ಟಮೊದಲ ಸಲ ತಾಟು ಹಿಡದಿದ್ಲು, ನಮ್ಮ ಬಾಗಲಕ್ಕ ಬಂದು "ಚಾಚೀ, ಖುಷಿ ಐತಿ, ಬರ್ರಿ" ಅಂದ್ಲು. ರಹಿಮಾಬಿ ಅಡ್ಡಬಾಗಲ ಹಿಡದು ನಿಂತಾಕಿ ಕೈ ಮುಂದ ಮಾಡಬೇಕೋ ಬ್ಯಾಡೋ ತಿಳೀದಂಗ ನಿಂತ್ಲು. ಆಕಿ ಕೈಯಿಂದ ಎಲ್ಲಾ ಮನಿಗೂ ಹೋಗತಿತ್ತು, ಆಕಿ ಮನಿಗೆ ಯಾರೂ ಕೊಡೂ ರೂಢಿ ಇರಲಿಲ್ಲ. ಕಡೀಕ ಕೈ ಒಡ್ಡಿದ್ಲು. ಆ ಹುಡುಗಿ ಎಲಿ ಇಟ್ಟು ಹೋದ್ಲು.

ರಹಿಮಾಬಿ ಒಳಗ ಬಂದು ನನ್ನ ಎದುರಿಗೆ ಕುಂತ್ಲು. ಎಲಿ ಒಂದೊಂದ ಬಿಡಿಸಿ ಬೆರಳಿಲೆ ಸವರಿದ್ಲು. ನಾ ಪೇಪರ್ ಓದಾಕತ್ತಿದ್ನಿ.

"ಅವತ್ತ ನೀವು ಬಾಗಲದಾಗ ಕುಂತಿದ್ರಿ" ಅಂದ್ಲು.

"ಯಾವತ್ತ?"

"ಫರ್ಹತಳ ಮದಿವಿ ಎಲಿ ಕೊಟ್ಟ ದಿನ. ಕುರ್ಚಿ ಕರಕರ ಅಂದದ್ದು ಕೇಳಿದ್ದೆ."

"ಕುಂತಿದ್ನಿ."

"ಕುತುಬುದ್ದೀನರ ಬಾಗಲದಾಗ ನಾ ನಿಂತದ್ದು ಕಂಡಿತ್ತೇನು?"

ಪೇಪರ್ ಕೆಳಗ ಇಟ್ನಿ. "ಕಂಡಿತ್ತು."

ಆಕಿ ತಲಿ ಅಲ್ಲಾಡಿಸಿದ್ಲು. ಸ್ವರದಾಗ ಸಿಟ್ಟಿರಲಿಲ್ಲ. ಸಿಟ್ಟಿದ್ರ ನಾ ತಡಕೋತಿದ್ನಿ.

"ನನಗ ಡೌಟು ಬಂದಿತ್ತರಿ. ನೀವು ನೋಡಾಕತ್ತೀರಿ ಅಂತ ಗೊತ್ತಿತ್ತು. ತಪ್ಪು ಮನಿ ಆದ್ರ ಒದರತಾರ ಅಂತ ಅಷ್ಟೊತ್ತು ನಿಂತೆ. ನೀವು ಒದರಲಿಲ್ಲ. ಹಂಗಾರ ಬರೋಬ್ಬರಿ ಮನೀನ ಅಂತ ತಿಳಕೊಂಡು ಕದ ಬಡದೆ."

ನನಗೇನರ ಅನ್ನಬೇಕಾಗಿತ್ತು. ತಪ್ಪಾತು ಅನ್ನಬಹುದಿತ್ತು, ಹಸನಸಾಬನ ಮುಂದ ಅಂದಿದ್ನಿ ಆ ಮಾತು, ಬಾಯಿಗೆ ಹೊಸದಲ್ಲ. ಎದ್ಯಾಗಿನ ಜೋಮು ಬಿಟ್ಟಂಗ ಆತು. ನೋವು ಅದು. ಎಷ್ಟೋ ವರ್ಷ ಆದಮ್ಯಾಲೆ ಬಂದ ನೋವು. ಆದ್ರೂ ಬಾಯಿಂದ ಒಂದ ಶಬ್ದ ಹೊರಗ ಬರಲಿಲ್ಲ.

ಆಕಿ ಮಾರಿ ನನ್ನ ಕಡೆ ಮಾಡಿಕೊಂಡು ಸ್ವಲ್ಪ ಹೊತ್ತು ಕಾದ್ಲು. ಆಮ್ಯಾಲೆ ಎಲಿ ಅಲ್ಲೇ ಇಟ್ಟು ಎದ್ದು, ಗ್ವಾಡಿ ಹಿಡಕೊಂಡು ಒಂದೊಂದ ಹೆಜ್ಜಿ ಇಡಕೋಂತ ಅಡಗಿಮನಿಗೆ ಹೋದ್ಲು. ಸ್ವಂತ ಮನ್ಯಾಗ ಆಕಿ ಗ್ವಾಡಿ ಹಿಡದು ನಡದದ್ದನ್ನ ನಾ ಎಂದೂ ನೋಡಿರಲಿಲ್ಲ.